ತುರ್ತಿನಲ್ಲಿ ಯಾರನ್ನು ಕರೆಯಬೇಕು?

ಚನ್ನಪಟ್ಟಣದಿಂದ ರಾಮನಗರಕ್ಕೆ ಬರುವ ಹಳೆಯ ಹೆದ್ದಾರಿಯಲ್ಲಿ ಒಂದು ಸಂಜೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಬೆಂಗಳೂರು-ಮೈಸೂರು ನಡುವಿನ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದದ್ದು, ಅಪಘಾತಗಳು ಹೆಚ್ಚಿದ ಕಾರಣ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದು ನಿಮಗೆ ತಿಳಿದೇ ಇದೆ. ಬೈಕಿನವರು ಹಳೆಯ ರಸ್ತೆಯನ್ನೋ ಸರ್ವಿಸ್ ರಸ್ತೆಯನ್ನೋ ಹಿಡಿಯಬೇಕು. ಅಂಥ ಒಬ್ಬ ಯುವಕ ರಸ್ತೆಯ ಅಂಚಿನಲ್ಲಿ ಬಿದ್ದಿದ್ದ. ಉಸಿರಿತ್ತು, ಎಚ್ಚರವಿರಲಿಲ್ಲ. ಯಾರೋ ಆಗಲೇ 108ಕ್ಕೆ ಕರೆ ಮಾಡಿದ್ದರು.

ನಾನು ಕಾರಿನಿಂದಿಳಿದು ಹೋದಾಗ ಜನ ಅವನ ಮೊಬೈಲನ್ನು ಹಿಡಿದುಕೊಂಡು ನಿಂತಿದ್ದರು. ಗಾಜು ಬಿರುಕು ಬಿಟ್ಟಿದ್ದರೂ ಫೋನು ಜೀವಂತವಾಗಿತ್ತು. ಆದರೆ ಬೀಗ ಹಾಕಿತ್ತು. ಒಬ್ಬರು ಅವನ ಹೆಬ್ಬೆರಳನ್ನು ಒತ್ತಿಸಿ ನೋಡಿದರು. ರಕ್ತ, ಮಣ್ಣು ಮೆತ್ತಿದ ಬೆರಳನ್ನು ಅದು ಗುರುತಿಸಲಿಲ್ಲ. ಮನೆಯವರ ಸಂಖ್ಯೆ ಆ ಗಾಜಿನ ಹಿಂದೆ, ನಮ್ಮ ಅಂಗೈಯಲ್ಲೇ ಇತ್ತು; ನಮಗೆ ಮಾತ್ರ ಎಟುಕುತ್ತಿರಲಿಲ್ಲ. ಆಂಬುಲೆನ್ಸ್ ಬಂದು ಅವನನ್ನು ಒಳಗೆ ಮಲಗಿಸುವ ಹೊತ್ತಿಗೆ ಆ ಫೋನೇ ಮೊಳಗಿತು. ಪರದೆಯ ಮೇಲೆ 'ಅವ್ವ' ಎಂದಿತ್ತು.

ಕರೆಗೆ ಉತ್ತರಿಸಿದವನು ನಾನು. ವಿಷಯ ಹೇಳಿದೆ. ಆ ತಾಯಿ ಮೊದಲು ಅತ್ತರು. ಬಳಿಕ ಅಳುವಿನ ನಡುವೆಯೇ, "ಪೆನ್ಸಿಲಿನ್ ಸೂಜಿ ಮಾತ್ರ ಹಾಕಿಸಬೇಡಿ ಸ್ವಾಮಿ, ಅವನಿಗೆ ಆಗಲ್ಲ" ಎಂದರು. ನಾನು ಓಡಿಹೋಗಿ ಆಂಬುಲೆನ್ಸಿನ ಸಿಬ್ಬಂದಿಗೆ ಆ ಮಾತನ್ನು ತಲುಪಿಸಿದೆ. ಹುಡುಗ ಬದುಕಿದ್ದಾನೆ, ಕಾಲಿನ ಮೂಳೆ ಕೂಡಿದೆ. ಆದರೆ ಆ ಅವ್ವ ಅಂದು ಸಂಜೆ ಮಗನಿಗೆ ಕರೆ ಮಾಡದೇ ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಹಲವು ರಾತ್ರಿ ಬಿಡಲಿಲ್ಲ.

ಈ ತೊಡಕಿಗೆ ಒಂದು ಹಳೆಯ ಪರಿಹಾರವಿತ್ತು. 2005ರಲ್ಲಿ ಇಂಗ್ಲೆಂಡಿನ ಬಾಬ್ ಬ್ರಾಚಿ ಎಂಬ ಆಂಬುಲೆನ್ಸ್ ಸಿಬ್ಬಂದಿಯೊಬ್ಬರು, ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿ 'ಐಸಿಇ' ಎಂಬ ಹೆಸರಿನಲ್ಲಿ ಮನೆಯವರೊಬ್ಬರ ಸಂಖ್ಯೆಯನ್ನು ಇಟ್ಟುಕೊಳ್ಳಬೇಕೆಂದು ಸೂಚಿಸಿದರು. ತುರ್ತಿನಲ್ಲಿ ಇವರನ್ನು ಕರೆಯಿರಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಆ ಜುಲೈನಲ್ಲಿ ಲಂಡನ್ನಿನ ಬಾಂಬ್ ಸ್ಫೋಟಗಳಾದ ಮೇಲೆ ಈ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ಅಂದಿನ ಗುಂಡಿಯ ಫೋನುಗಳನ್ನು ಯಾರು ಬೇಕಾದರೂ ತೆರೆಯಬಹುದಾಗಿತ್ತು, ಆದ್ದರಿಂದ ಅದು ನಡೆಯಿತು. ಈಗ ನಮ್ಮ ಹಣ, ಚಿತ್ರ, ಪತ್ರಗಳೆಲ್ಲ ಫೋನಿನೊಳಗೆ ಸೇರಿವೆ. ಬೀಗ ಹಾಕದೆ ಗತಿಯಿಲ್ಲ. ಬೀಗ ಬಿದ್ದೊಡನೆ ಆ ಹೆಸರೂ ಒಳಗೇ ಸಿಕ್ಕಿಕೊಂಡಿತು. ಒಂದೇ ಫೋನು ಕಳ್ಳನಿಗೆ ಮುಚ್ಚಿರಬೇಕು, ಆಂಬುಲೆನ್ಸಿನವನಿಗೆ ತೆರೆದಿರಬೇಕು. ಅಂಗಡಿಯಿಂದ ನಮ್ಮ ಕೈಗೆ ಬರುವಾಗ ಅದು ಇವೆರಡರಲ್ಲಿ ಒಂದನ್ನೂ ಪೂರ್ಣವಾಗಿ ಮಾಡುವುದಿಲ್ಲ. ಮಾಡಿಸುವ ಏರ್ಪಾಡು ಮಾತ್ರ ಒಳಗೆ ಇದೆ. ಮಾರುವವರು ನಮಗೆ ಕ್ಯಾಮೆರಾ ತೋರಿಸುತ್ತಾರೆ, ಇದನ್ನು ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ.

ನಿಮ್ಮ ಫೋನು ಆಂಡ್ರಾಯ್ಡ್ ಆಗಿದ್ದರೆ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಪಟ್ಟಿಯಲ್ಲಿ 'ಎಮರ್ಜೆನ್ಸಿ' ಎಂದು ಬರೆಯಿರಿ. ಕಂಪನಿಯಿಂದ ಕಂಪನಿಗೆ ಹೆಸರು, ಜಾಗ ಬದಲಾಗುವುದರಿಂದ ಹುಡುಕುವುದೇ ಸುಲಭದ ದಾರಿ. ಸುರಕ್ಷತೆ ಮತ್ತು ತುರ್ತುಸ್ಥಿತಿಗೆ ಸಂಬಂಧಿಸಿದ ಒಂದು ಪುಟ ಸಿಗುತ್ತದೆ. ಅಲ್ಲಿ ರಕ್ತದ ಗುಂಪು, ಇರುವ ಕಾಯಿಲೆ, ಸೇವಿಸುತ್ತಿರುವ ಔಷಧ, ಒಗ್ಗದ ಔಷಧ ಇವುಗಳನ್ನು ಬರೆಯುವ ಜಾಗವಿದೆ. ಕರೆಯಬೇಕಾದವರ ಹೆಸರು, ಸಂಖ್ಯೆ ಸೇರಿಸುವ ಜಾಗವೂ ಇದೆ. ಬೀಗ ಹಾಕಿದ ಪರದೆಯಲ್ಲಿಯೂ ಇವನ್ನು ತೋರಿಸಲು ಅನುಮತಿ ಕೇಳುವ ಗುಂಡಿಯನ್ನು ಮರೆಯದೆ ಒತ್ತಿರಿ. ಐಫೋನ್ ಇರುವವರು 'ಹೆಲ್ತ್' ಎಂಬಲ್ಲಿ 'ಮೆಡಿಕಲ್ ಐಡಿ'ಯನ್ನು ತುಂಬಬೇಕು. ಬಳಿಕ ಪರೀಕ್ಷಿಸಿ: ಬೀಗ ಹಾಕಿ, ಮತ್ತೆ ಎಬ್ಬಿಸಿ, ಗುಪ್ತಸಂಖ್ಯೆ ಕೇಳುವ ಪರದೆಯ ಕೆಳಗಿರುವ 'ಎಮರ್ಜೆನ್ಸಿ' ಎಂಬ ಪದವನ್ನು ಮುಟ್ಟಿ. ನೀವು ಬರೆದದ್ದು ಅಲ್ಲಿಂದ ಓದಲು ಸಿಗಬೇಕು. ನಿಮ್ಮ ಮನೆಯವರಿಗೂ ಆ ಜಾಗವನ್ನು ತೋರಿಸಿಡಿ. ರಸ್ತೆಯಲ್ಲಿ ಇನ್ನೊಬ್ಬರ ಫೋನು ಅವರ ಕೈಗೆ ಬಂದಾಗ ಎಲ್ಲಿ ನೋಡಬೇಕೆಂಬುದು ಅವರಿಗೆ ತಿಳಿದಿರಬೇಕಲ್ಲವೇ? ಆ ಸಂಜೆ ನನಗೆ ತಿಳಿದಿರಲಿಲ್ಲ. ಆ ಯುವಕ ತನ್ನ ಫೋನಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದನೋ ಏನೋ, ನಮ್ಮಲ್ಲಿ ಯಾರೂ ಆ ಪದವನ್ನು ಮುಟ್ಟಿ ನೋಡಲೇ ಇಲ್ಲ.

ಇದಕ್ಕೆ ಒತ್ತಾಗಿ ಇನ್ನೊಂದಿದೆ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 2017ರ ಜನವರಿ 1ರಿಂದ ದೇಶದಲ್ಲಿ ಮಾರುವ ಪ್ರತಿಯೊಂದು ಮೊಬೈಲಿನಲ್ಲಿಯೂ ಆಪತ್ತಿನ ಗುಂಡಿ ಇರಬೇಕು. ಸಾಧಾರಣ ಫೋನಿನಲ್ಲಿ 5 ಅಥವಾ 9ರ ಅಂಕಿಯನ್ನು ಒತ್ತಿ ಹಿಡಿಯುವುದು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಒತ್ತುವುದು. ಕೆಲವುಗಳಲ್ಲಿ ಮೂರು ಬಾರಿ, ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಐದು ಬಾರಿ. ಕರೆ 112ಕ್ಕೆ ಹೋಗುತ್ತದೆ. ಮಾಗಡಿ ಬಳಿಯ ಸಾವನದುರ್ಗವನ್ನು ಹತ್ತುವ ಹುಡುಗರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಆ ಬಂಡೆಯ ಕೆಲವು ಮಗ್ಗುಲುಗಳಲ್ಲಿ ನಮ್ಮ ಸಿಮ್ಮಿನ ಸಂಕೇತ ಸಿಗದಿದ್ದರೂ 'ತುರ್ತು ಕರೆ ಮಾತ್ರ' ಎಂದು ಪರದೆ ತೋರಿಸಿದರೆ, ಬೇರೊಂದು ಕಂಪನಿಯ ಗೋಪುರದ ಮೂಲಕ 112 ಸಿಗುತ್ತದೆ ಎಂದರ್ಥ. ಆದರೆ ಒತ್ತಿ ಪರೀಕ್ಷೆ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿಯೇ ನೋಡಿ ತಿಳಿಯಿರಿ. ಫೋನಿನ ಅಂಚನ್ನು ಬಟ್ಟೆಯಿಂದ ಒರೆಸುತ್ತಾ ನಾನೇ ಒಮ್ಮೆ 112ಕ್ಕೆ ಕರೆ ಮಾಡಿಬಿಟ್ಟಿದ್ದೆ. ಆ ಬದಿಯವರು ಗಾಬರಿಯಿಂದ ಕೇಳುತ್ತಿದ್ದ ಪ್ರಶ್ನೆಗಳಿಗೆ, ಫೋನು ಒರೆಸುತ್ತಿದ್ದೆ ಎಂದು ಉತ್ತರ ಕೊಡುವುದು ಸುಲಭವಲ್ಲ.

ಇನ್ನು ಕಳ್ಳನ ವಿಚಾರ. ಕನಕಪುರದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಮಾರಿ ಊರಿಗೆ ಮರಳುತ್ತಿದ್ದರು. ಈಗ ಅಲ್ಲಿ ಮೊದಲಿನಂತಲ್ಲ. ರೀಲರುಗಳು ಮೊಬೈಲಿನಲ್ಲೇ ಬೆಲೆ ಕೂಗುತ್ತಾರೆ, ಹಣ ನೇರವಾಗಿ ಬೆಳೆಗಾರರ ಬ್ಯಾಂಕ್ ಖಾತೆಗೆ ಬರುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳು ನಿದ್ದೆಗೆಟ್ಟು ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ತಂದ ದುಡಿಮೆಯ ಫಲ ಮೊಬೈಲಿಗೆ ಬರುವ ಒಂದು ಸಂದೇಶವಾಗಿ ಕಾಣುತ್ತದೆ. ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಅವರ ಫೋನು ಹೋಯಿತು. ಅವರು ಹೆಚ್ಚು ಚಿಂತಿಸಲಿಲ್ಲ. "ಲಾಕ್ ಹಾಕಿದ್ದೆ ಫಾದರ್, ಯಾರೂ ತೆಗೆಯೋಕಾಗಲ್ಲ ಅಂದ್ಕೊಂಡೆ" ಎಂದು ಆಮೇಲೆ ನನ್ನೊಡನೆ ಹೇಳಿಕೊಂಡರು. ಕಳ್ಳ ಫೋನನ್ನು ತೆರೆಯುವ ಗೋಜಿಗೇ ಹೋಗಲಿಲ್ಲ. ಸಿಮ್ಮನ್ನು ಕಳಚಿ ತನ್ನ ಇನ್ನೊಂದು ಫೋನಿಗೆ ಹಾಕಿಕೊಂಡ. ಒಟಿಪಿಗಳೆಲ್ಲ ಅಲ್ಲಿಗೆ ಬಂದವು. ಫೋನಿನ ಚರ್ಮದ ಕವರಿನೊಳಗೆ ನಮ್ಮ ಬೆಳೆಗಾರರು ಎಟಿಎಂ ಕಾರ್ಡನ್ನೂ ಇಟ್ಟಿದ್ದರು. ಕಾರ್ಡಿನ ಅಂಕಿಗಳು ಮತ್ತು ಒಟಿಪಿ ಎರಡೂ ಸಿಕ್ಕವನಿಗೆ ಹೊಸದಾಗಿ ಯುಪಿಐ ತೆರೆದು ತನ್ನದೇ ಗುಪ್ತಸಂಖ್ಯೆ ಇಡುವುದು ಕೆಲವೇ ನಿಮಿಷಗಳ ಕೆಲಸ. ಮರುದಿನ ಅವರು 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಕರೆ ಮಾಡುವಷ್ಟರಲ್ಲಿ ಆ ಬೆಳೆಯ ಹಣ ಖಾತೆಯಲ್ಲಿ ಉಳಿದಿರಲಿಲ್ಲ.

ಫೋನಿನ ಬೀಗ ಬೇರೆ, ಸಿಮ್ಮಿನ ಬೀಗ ಬೇರೆ. ಈ ಎರಡನೆಯದು ನಮ್ಮಲ್ಲಿ ಬಹುಮಂದಿಗೆ ಗೊತ್ತೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಲಾಕ್' ಎಂದು ಹುಡುಕಿದರೆ ಸಿಗುತ್ತದೆ. ಅದನ್ನು ಹಾಕಿದರೆ ಸಿಮ್ಮನ್ನು ಯಾವ ಫೋನಿಗೆ ಹಾಕಿದರೂ, ಫೋನನ್ನು ಆರಿಸಿ ಹಚ್ಚಿದರೂ, ಒಂದು ಗುಪ್ತಸಂಖ್ಯೆ ಕೇಳುತ್ತದೆ. ಆದರೆ ಇಲ್ಲಿ ಆತುರ ಬೇಡ. ಕಂಪನಿ ಮೊದಲೇ ಇಟ್ಟಿರುವ ಸಂಖ್ಯೆಯನ್ನು ಅವರಿಂದಲೇ ಕೇಳಿ ತಿಳಿದು, ಆಮೇಲೆ ನಿಮ್ಮದಕ್ಕೆ ಬದಲಿಸಿಕೊಳ್ಳಬೇಕು. ಊಹಿಸಿ ಮೂರು ಬಾರಿ ತಪ್ಪು ಸಂಖ್ಯೆ ಒತ್ತಿದರೆ ಸಿಮ್ ಕಟ್ಟಿಕೊಳ್ಳುತ್ತದೆ. ಬಿಡಿಸಲು ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ಬೇಕು. ಅದನ್ನೂ ಹತ್ತು ಬಾರಿ ತಪ್ಪಿದರೆ ಹೊಸ ಸಿಮ್ಮೇ ಗತಿ. ಹಾಗೆಯೇ, ಬೀಗ ಹಾಕಿದ ಪರದೆಯ ಮೇಲೆ ಸಂದೇಶಗಳ ಒಳವಿವರ ಕಾಣದಂತೆ ಮಾಡುವ ಆಯ್ಕೆ ನೋಟಿಫಿಕೇಶನ್ ವಿಭಾಗದಲ್ಲಿದೆ. ಒಟಿಪಿ ಪಕ್ಕದವರ ಕಣ್ಣಿಗೆ ಬೀಳಬೇಕಾಗಿಲ್ಲ. \*#06# ಒತ್ತಿದರೆ ಕಾಣುವ ಹದಿನೈದಂಕಿಯ ಐಎಂಇಐ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕಳವಾದಾಗ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಆ ಫೋನನ್ನೇ ನಿಷ್ಕ್ರಿಯಗೊಳಿಸಲು ಅದು ಬೇಕು. ಮತ್ತು ದಯವಿಟ್ಟು, ಕವರಿನೊಳಗಿನ ಎಟಿಎಂ ಕಾರ್ಡನ್ನು ಇವತ್ತೇ ಹೊರಗೆ ತೆಗೆಯಿರಿ. ಅದು ಸೆಟ್ಟಿಂಗ್ ಅಲ್ಲದಿದ್ದರೂ ಹೇಳದೆ ಇರಲಾರೆ.

ಕನ್ನಡಕ ಹಾಕಿದರೂ ಅಕ್ಷರ ಕಾಣದವರಿಗೆ, ಕಿವಿ ಮಂದವಾದವರಿಗೆ 'ಆಕ್ಸೆಸಿಬಿಲಿಟಿ' ಎಂಬ ವಿಭಾಗವೇ ಇದೆ. ಹೆಸರು ಹೆದರಿಸುವಂಥದ್ದು, ಒಳಗಿರುವುದು ಉಪಕಾರ. ಚನ್ನಪಟ್ಟಣದ ಗೊಂಬೆ ಕಸುಬಿನ ಹಿರಿಯರೊಬ್ಬರಿಗೆ ವರ್ಷಗಟ್ಟಲೆ ಲೇತಿನ ಸದ್ದಿನಲ್ಲಿ ಕುಳಿತು ಬಲಗಿವಿ ಕೇಳಿಸದು. ಇಯರ್‌ಫೋನಿನಲ್ಲಿ ಹಾಡು ಅರ್ಧರ್ಧ ಕೇಳಿಸುತ್ತದೆ ಎಂಬುದು ಅವರ ದೂರು. ಎರಡು ಕಿವಿಯ ಧ್ವನಿಯನ್ನೂ ಒಂದಾಗಿಸುವ 'ಮೋನೊ ಆಡಿಯೊ' ಎಂಬ ಗುಂಡಿಯನ್ನು ಒತ್ತಿಕೊಟ್ಟೆ. ತಾವು ಇಷ್ಟು ಕಾಲ ಕೇಳದಿದ್ದ ತಬಲಾ ಕೇಳುತ್ತಿದೆಯೆಂದು ಅವರು ಹಾಲೆ ಮರದ ಹೊಟ್ಟಿನ ನಡುವೆ ಕುಳಿತು ಹಾಡನ್ನು ಮೂರು ಸಲ ಹಾಕಿಕೊಂಡರು. ಅರಗು ಮೆತ್ತಿದ ಬೆರಳಿನಿಂದ ಅಕ್ಷರ ಒತ್ತಲಾಗದವರು ಕೀಲಿಮಣೆಯ ಮೈಕಿನ ಗುರುತನ್ನು ಮುಟ್ಟಿ ಕನ್ನಡದಲ್ಲಿ ಮಾತನಾಡಿದರೆ ಸಾಕು. 2017ರ ಆಗಸ್ಟ್‌ನಿಂದ ಗೂಗಲ್ ಕನ್ನಡವನ್ನು ಕೇಳಿಸಿಕೊಂಡು ಬರೆಯುತ್ತಿದೆ. ನಮ್ಮ ಊರುಗಳ ಮಾತನ್ನು ಕೆಲವೊಮ್ಮೆ ವಿಚಿತ್ರವಾಗಿ ಬರೆಯುತ್ತದೆ, ಕಳುಹಿಸುವ ಮೊದಲು ಓದಿ ನೋಡಿ. ಗಿರಾಕಿಗೆ ಗೊಂಬೆಯ ಚಿತ್ರ ತೋರಿಸಲು ಫೋನನ್ನೇ ಕೈಗೆ ಕೊಡುವ ಅಂಗಡಿಯವರಿಗೆ 'ಆ್ಯಪ್ ಪಿನ್ನಿಂಗ್' ಇದೆ; ತೆರೆದಿರುವ ಆ್ಯಪನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಗುಪ್ತಸಂಖ್ಯೆ ಬೇಕಾಗುತ್ತದೆ. ಮೊಮ್ಮಕ್ಕಳ ಕೈಗೆ ಫೋನು ಕೊಡುವವರಿಗೂ ಅದೇ ಸಾಕು.

ಮೊದಲಿನ ವಿಷಯಕ್ಕೆ ಮರಳುತ್ತೇನೆ. ಒಂದು ಭಾನುವಾರ ಬಲಿಪೂಜೆಯ ನಂತರ ಹತ್ತಿಪ್ಪತ್ತು ಮಂದಿಯನ್ನು ಕೂರಿಸಿಕೊಂಡು ಅವರವರ ಫೋನಿನಲ್ಲಿ ತುರ್ತು ಮಾಹಿತಿಯನ್ನು ತುಂಬಿಸಿದೆ. ಮಾಗಡಿ ಕಡೆಯಿಂದ ಬಂದು ನೆಲೆಸಿರುವ ಒಬ್ಬ ಅಜ್ಜಿಗೆ ರಕ್ತದ ಗುಂಪು ಗೊತ್ತಿತ್ತು, ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರೂ ಬಾಯಿಪಾಠವಿತ್ತು. ಕರೆಯಬೇಕಾದವರ ಹೆಸರು ಎಂಬಲ್ಲಿಗೆ ಬಂದಾಗ ಆಕೆ ಸುಮ್ಮನಾದರು. ಇಬ್ಬರು ಗಂಡುಮಕ್ಕಳು, ಒಬ್ಬ ಕೊಲ್ಲಿ ದೇಶದಲ್ಲಿ, ಇನ್ನೊಬ್ಬ ಪುಣೆಯಲ್ಲಿ. ಫೋನಿನಲ್ಲಿ ನೂರಾರು ಹೆಸರುಗಳಿದ್ದವು. ಬಹಳ ಹೊತ್ತು ಅವುಗಳ ಮೇಲೆ ಬೆರಳಾಡಿಸಿ, "ಪಕ್ಕದ ಮನೆ ಹುಡುಗೀದು ಹಾಕಿ ಫಾದರ್, ಅವಳು ಓಡಿ ಬರ್ತಾಳೆ" ಎಂದರು. ಆ ಹುಡುಗಿಯ ಸಂಖ್ಯೆ ಅವರ ಫೋನಿನಲ್ಲಿರಲಿಲ್ಲ. ಗೋಡೆಯ ಆಚೆಯಿಂದ ಕೂಗಿದರೆ ಸಾಕಾಗುತ್ತಿತ್ತು, ಎಂದೂ ಬೇಕಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ನನ್ನ ಫೋನನ್ನು ತೆಗೆದೆ. ಊರಿಗೆಲ್ಲ ಹೇಳಿದವನದು ಖಾಲಿಯಿತ್ತು. ಸಹಗುರುಗಳ ಹೆಸರು ಹಾಕಬಹುದಿತ್ತು, ಆದರೆ ನಮಗೆ ವರ್ಗಾವಣೆಗಳು ಇದ್ದದ್ದೇ. ರಕ್ತದ ಗುಂಪು ಕೂಡ ನೆನಪಿಗೆ ಬರಲಿಲ್ಲ. ಗುರುಮಠದಲ್ಲಿದ್ದಾಗ ಕಾಮಾಲೆಯಾಗಿ ಆಸ್ಪತ್ರೆಗೆ ಸೇರಿದ್ದೆ, ಆ ಚೀಟಿಯನ್ನು ಯಾರಾದರೂ ಇಟ್ಟಿದ್ದರೆ ಅಕ್ಕ ಇಟ್ಟಿರಬೇಕು. ರಾತ್ರಿ ಒಂಬತ್ತೂವರೆ ದಾಟಿತ್ತು. ಕರೆ ಮಾಡಿದೆ. ಎರಡನೆಯ ಗಂಟೆಗೇ ಎತ್ತಿಕೊಂಡಳು.

"ಏನಾಯ್ತೋ?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.