ಬಿ ಸೈಡಿನ ಕಾಳಿಂಗರಾಯರು

ನನ್ನ ಗೆಳತಿಯರ ಮನೆಗಳಲ್ಲಿ ರಾಕ್ ಸಂಗೀತವೆಂದರೆ ಅಪ್ಪ ಆಫೀಸಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೇಳುವಂಥದ್ದು. ನಮ್ಮಲ್ಲಿ ಎಲ್ಲ ಉಲ್ಟಾ. ಅಪ್ಪ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು, ‘ಬಾರೇ ಇಲ್ಲಿ, ಈ ಡ್ರಮ್ ಕೇಳು’ ಎಂದು ಕೂರಿಸಿಕೊಳ್ಳುತ್ತಿದ್ದ. ಹೆತ್ತವರ ಜೊತೆ ಜಗಳವಾಡಿ ದಕ್ಕಿಸಿಕೊಳ್ಳಬೇಕಾದ ಸಂಗೀತ ನನಗೆ ಪಿತ್ರಾರ್ಜಿತವಾಗಿಯೇ ಬಂತು.

1980ರ ದಶಕದ ಕೊನೆಯ ವರ್ಷಗಳು. ಮಲ್ಲೇಶ್ವರದಲ್ಲಿ ಬಾಡಿಗೆ ಮನೆ, ಅಪ್ಪನಿಗೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐಯಲ್ಲಿ ಕೆಲಸ. ಅವನಿಗೆ ಈ ಹುಚ್ಚು ಹತ್ತಿಸಿದ್ದು ಕಾಕ್ಸ್ ಟೌನಿನ ಒಬ್ಬ ಸಹೋದ್ಯೋಗಿ. ಅವರ ಎಲ್‌ಪಿಯಿಂದ ಡೀಪ್ ಪರ್ಪಲ್‌ನ ‘ಮೆಷೀನ್ ಹೆಡ್’ ಆಲ್ಬಮ್ಮನ್ನು ಅಪ್ಪ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ. ಹಾಡುಗಳ ಹೆಸರನ್ನು ಬಾಲ್‌ಪೆನ್ನಿನಲ್ಲಿ, ಕನ್ನಡದಲ್ಲೇ ಬರೆದಿದ್ದ: ಹೈವೇ ಸ್ಟಾರ್, ಲೇಜಿ, ಸ್ಪೇಸ್ ಟ್ರಕಿಂಗ್. ಆಲ್ಬಮ್ ನಲವತ್ತು ನಿಮಿಷವೂ ಇಲ್ಲ. ಉಳಿದ ಟೇಪು ದಂಡವಾಗಬಾರದಲ್ಲ! ಬಿ ಸೈಡಿನ ಕೊನೆಗೆ ಪಿ. ಕಾಳಿಂಗರಾಯರ ಭಾವಗೀತೆ ತುಂಬಿಸಿದ. ಇಯಾನ್ ಗಿಲ್ಲನ್ ಕಿರುಚಿ ಮುಗಿಸಿದ, ಒಂದು ‘ಕಟಕ್’ ಸದ್ದು ಬಂತು, ಕಾಳಿಂಗರಾಯರು ಶುರು. ಈಗಲೂ ‘ಸ್ಪೇಸ್ ಟ್ರಕಿಂಗ್’ ಮುಗಿದಾಗ ನನ್ನ ಕಿವಿ ಅವರಿಗಾಗಿ ಕಾಯುತ್ತದೆ.

ಕವರ್ ಇಲ್ಲದ ಕ್ಯಾಸೆಟ್ಟು, ಸಾಹಿತ್ಯ ಎಲ್ಲಿಂದ ಬರಬೇಕು? ಭಾನುವಾರ ಬೆಳಿಗ್ಗೆ ನಾವಿಬ್ಬರೂ ನನ್ನ ಹಳೇ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆವು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಗೀಚುವುದು, ಹಿಂದಕ್ಕೆ ಓಡಿಸುವುದು. ಅತಿ ಹೆಚ್ಚು ಸತಾಯಿಸಿದ್ದು ಬಿ ಸೈಡಿನ ಮೊದಲ ಹಾಡು, ‘ಸ್ಮೋಕ್ ಆನ್ ದ ವಾಟರ್’. ಅದೊಂದು ಕತೆಯೆಂದು ಗೊತ್ತಾಗುತ್ತಿತ್ತು. ಎಲ್ಲೋ ಬೆಂಕಿ ಬಿದ್ದಿದೆ, ಯಾರೋ ಓಡುತ್ತಿದ್ದಾರೆ. ಆದರೆ ಎಲ್ಲಿ? ಊರಿನ ಹೆಸರು ‘ಮಾಂಟ್ರೂ’ ಎಂದು ಕೇಳಿಸುತ್ತಿತ್ತು. ಮಾಂಟ್ರಿಯಲ್ ಇರಬೇಕು, 1976ರ ಒಲಿಂಪಿಕ್ಸ್ ಆಯಿತಲ್ಲ ಆ ಊರು ಎಂದು ಅಪ್ಪ. ಹಾಗಾದರೆ ಹಾಡಿನೊಳಗೆ ಜಿನೀವಾ ಸರೋವರ ಯಾಕಿದೆ ಎಂದು ನಾನು. ಕೊನೆಗೆ ಕಬ್ಬನ್ ಪಾರ್ಕಿನ ಸೆಂಟ್ರಲ್ ಲೈಬ್ರರಿಗೆ ಹೋಗಿ ದೊಡ್ಡ ಅಟ್ಲಾಸ್ ಬಿಡಿಸಿದೆವು. ಸ್ವಿಟ್ಜರ್‌ಲ್ಯಾಂಡಿನಲ್ಲಿ, ಸರೋವರದ ಪೂರ್ವದ ತುದಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ ಮಾಂಟ್ರೂ! ಲೈಬ್ರರಿ ಎಂಬುದನ್ನೂ ಮರೆತು ಅಪ್ಪ ಮೇಜು ಕುಟ್ಟಿದ.

ಉಳಿದ ಕತೆ ಕಾಕ್ಸ್ ಟೌನಿನಿಂದ ಕಂತು ಕಂತಾಗಿ ಬಂತು. 1971ರ ಡಿಸೆಂಬರ್ 4ರಂದು ಮಾಂಟ್ರೂವಿನ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾನ ಕಛೇರಿ. ಕೇಳಲು ಬಂದಿದ್ದವನೊಬ್ಬ ಫ್ಲೇರ್ ಗನ್ ಹಾರಿಸಿದ, ಚಾವಣಿಗೆ ಬೆಂಕಿ ಹತ್ತಿ ಕಟ್ಟಡವೇ ಸುಟ್ಟುಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲೇ ರೆಕಾರ್ಡಿಂಗ್ ಮಾಡಬೇಕೆಂದು ಬಂದಿದ್ದ ಡೀಪ್ ಪರ್ಪಲ್‌ನವರು ಸರೋವರದ ಮೇಲೆ ಹೊಗೆ ಹಬ್ಬುವುದನ್ನು ನೋಡುತ್ತ ನಿಂತರಂತೆ. ಆಮೇಲೆ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲೊಂದರ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ, ರೋಲಿಂಗ್ ಸ್ಟೋನ್ಸ್‌ನ ರೆಕಾರ್ಡಿಂಗ್ ಲಾರಿ ತರಿಸಿಕೊಂಡು ಆಲ್ಬಮ್ ಮುಗಿಸಿದರು. ಅಪ್ಪನಿಗೆ ಅತಿ ಇಷ್ಟವಾದದ್ದು ಆ ಹಾಸಿಗೆಗಳ ವಿಷಯ. ಕೆಲಸ ನಡೆಯಬೇಕು, ಸಾಮಾನು ಇಲ್ಲ, ಇದ್ದದ್ದರಲ್ಲೇ ಸಂಭಾಳಿಸಬೇಕು ಎಂಬುದು ಕಾರ್ಖಾನೆಯವರಿಗೆ ಬೇಗ ಅರ್ಥವಾಗುತ್ತದೆ.

ಅವನ ಇನ್ನೊಂದು ಸಂತೋಷ ಅದೇ ತಂಡದ ಜಾನ್ ಲಾರ್ಡ್‌ನ ಆರ್ಗನ್. ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಗುರ್ರೆನ್ನಿಸುತ್ತಿದ್ದ. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸಿಗ್ನಲ್ ಕೊಟ್ಟರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಆ ಕರ್ಕಶವೇ ಡಿಸ್ಟಾರ್ಷನ್ ಎಂದು ಅಪ್ಪ ದಿನಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದ್ದ. ‘ಟೆಲಿಫೋನಿನಿಂದ ಇದನ್ನ ಓಡಿಸೋಕೆ ನಾವು ಹಗಲೂ ರಾತ್ರಿ ಒದ್ದಾಡ್ತೀವಿ, ಇವರು ದುಡ್ಡು ಕೊಟ್ಟು ಬರಮಾಡ್ಕೋತಾರೆ!’ ಶಾಲೆಯಲ್ಲಿ ಭೌತವಿಜ್ಞಾನ ನನಗೆ ಯಾವತ್ತೂ ಇಷ್ಟು ಚೆನ್ನಾಗಿ ತಲೆಗೆ ಹೋಗಲಿಲ್ಲ.

ಅಮ್ಮ ವೀಣೆಯವಳು. ಈ ಗಲಾಟೆಗೆ ಅವಳು ಬೈಯಲೂ ಇಲ್ಲ, ಬಂದು ಕೂರಲೂ ಇಲ್ಲ. ಆದರೆ ಒಂದು ಸಂಜೆ ಒಳಕೋಣೆಯಿಂದ ತಂಡದ ಗಿಟಾರಿಗ ರಿಚೀ ಬ್ಲ್ಯಾಕ್‌ಮೋರನ ‘ಸ್ಮೋಕ್ ಆನ್ ದ ವಾಟರ್’ ರಿಫ್ ಕೇಳಿಸಿತು, ವೀಣೆಯಲ್ಲಿ. ನಾವಿಬ್ಬರೂ ಬಾಗಿಲಿಗೆ ಓಡಿದೆವು. ಅಮ್ಮ ತಲೆ ಎತ್ತದೆ, ‘ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಅಷ್ಟೇನಾ ಅಂದ್ಕೊಂಡೆ. ಎರಡನೇ ಸಲ ಪ್ರತಿ ಮಧ್ಯಮ ಮುಟ್ಟಿ ಶುದ್ಧಕ್ಕೆ ಇಳೀತಾನೆ. ಕಳ್ಳ’ ಎಂದಳು. ಬೇಹಾಗ್, ಹಮೀರ್ ಕಲ್ಯಾಣಿಯಂಥ ರಾಗಗಳಲ್ಲಿ ಎರಡೂ ಮಧ್ಯಮ ಬರುತ್ತವೆ ನಿಜ, ಆದರೆ ಹೀಗೆ ಮೈಮೇಲೆ ಬೀಳುವಂತಲ್ಲ ಎಂಬುದು ಅವಳ ತಕರಾರು. ಅಪ್ಪ ವಾರವೆಲ್ಲ ಆ ಮಾತನ್ನು ಕಾರ್ಖಾನೆಯಲ್ಲಿ ಹೇಳಿಕೊಂಡು ತಿರುಗಿದ.

ಆಮೇಲೆ ಕೇಬಲ್ ಟಿವಿ ಬಂತು, ಸಿಡಿ ಬಂತು, ಬೇಕಾದ ಸಾಹಿತ್ಯವೆಲ್ಲ ಕಂಪ್ಯೂಟರಿನಲ್ಲಿ ಸಿಕ್ಕಿತು. ನೋಟ್‌ಬುಕ್ಕಿನ ಕೆಲಸ ನಿಂತಿತು. ನಿಜ ಹೇಳಬೇಕೆಂದರೆ, ಸರಿಯಾದ ಸಾಹಿತ್ಯ ಓದಿದಾಗ ಎಷ್ಟೋ ಕಡೆ ನಮ್ಮದೇ ಚೆನ್ನಾಗಿತ್ತು ಅನ್ನಿಸಿದೆ.

2005ರಲ್ಲಿ ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ ಅರಮನೆ ಮೈದಾನಕ್ಕೆ ಬಂದಾಗ ಅಪ್ಪ ನಿವೃತ್ತನಾಗಿದ್ದ. ಅಮ್ಮನನ್ನೂ ಹೊರಡಿಸಿದೆವು. ನಾಫ್ಲರ್ ಪಿಕ್ ಹಿಡಿಯದೆ ಬೆರಳಿನಿಂದಲೇ ಮೀಟುವವನು ಎಂಬುದೇ ನಾವು ಅವಳಿಗೆ ಒಡ್ಡಿದ ಆಸೆ. ಹುಡುಗರು ಕುಣಿಯುತ್ತಿದ್ದರೆ ಅವಳು ದೊಡ್ಡ ಪರದೆಯ ಮೇಲೆ ಅವನ ಬಲಗೈಯನ್ನೇ ಪರೀಕ್ಷಕರಂತೆ ನೋಡುತ್ತ ನಿಂತಿದ್ದಳು. ಆಟೋ ಹತ್ತಿದ ಮೇಲೆ ತೀರ್ಪು ಬಂತು: ‘ಮೀಟು ಬಹಳ ಶುದ್ಧ. ತಂತಿ ಎಳೆಯೋದು ಮಾತ್ರ ಒಂದು ಸ್ವರಕ್ಕೇ ಸುಸ್ತಾಗುತ್ತೆ ಪಾಪ.’ ಗಿಟಾರಿನ ಮೆಟ್ಟಿಲೇ ಬೇರೆ, ತಂತಿಯ ಬಿಗಿಯೇ ಬೇರೆ, ವೀಣೆಯಲ್ಲಿ ಎಳೆದಷ್ಟು ಎಳೆದರೆ ತುಂಡಾಗುತ್ತದೆ ಎಂದು ಅಪ್ಪ ವಾದಕ್ಕಿಳಿದ. ಮಲ್ಲೇಶ್ವರ ಬಂದರೂ ಇಬ್ಬರೂ ಸೋಲಲಿಲ್ಲ, ಆಟೋದವನಿಗೆ ದುಡ್ಡು ಕೊಟ್ಟಿದ್ದು ನಾನು.