ಬಯಕಿ ಸಾರು

ಬಸುರಿ ಬಯಕಿ ತೀರಿಸಲಿಲ್ಲಂದ್ರ ಹುಟ್ಟೋ ಕೂಸಿನ ಕಿವಿ ಸೋರತಾವ ಅಂತ ನಮ್ಮವ್ವ ಹೇಳತಿದ್ಲು. ಖರೇನೋ ಸುಳ್ಳೋ, ನಾ ಬಸುರಿದ್ದಾಗ ನಡುಮಧ್ಯಾಹ್ನ ಹಸಿ ಹುಣಸಿಕಾಯಿ ಚಟ್ನಿ ಬೇಕನಿಸಿತ್ತು. ಆಕಿ ಆ ಬಿಸಲಾಗ ಹೊಲಕ್ಕ ಹೋಗಿ ಕಾಯಿ ಹರಕೊಂಡು ಬಂದು ಕುಟ್ಟಿ ಕೊಟ್ಟಿದ್ಲು. ಹಿಂಗಾಗಿ ದಕ್ಷಿಣ ಕೊರಿಯಾದಾಗಿರೋ ನನ್ನ ಮಗಳಿಂದ ಸುದ್ದಿ ಬಂದ ಕೂಡ್ಲೆ ನಾನೂ ಬಯಕಿ ಬುತ್ತಿ ಕಟ್ಟಲಿಕ್ಕೆ ನಿಂತೆ. ಕಡಕ್ ರೊಟ್ಟಿ, ಶೇಂಗಾ ಹೋಳಿಗಿ, ಮಾದ್ಲಿ, ಗುರೆಳ್ಳ ಚಟ್ನಿ, ಒಂದು ಕಿಲೋ ಬ್ಯಾಡಗಿ ಖಾರಪುಡಿ.

ಆಕಿ ಇರೋದು ಸುವೋನ್ ಅನ್ನೋ ಊರಾಗ, ಸಿಯೋಲ್‌ನಿಂದ ದಕ್ಷಿಣಕ್ಕ ಸುಮಾರು 30 ಕಿಲೋಮೀಟರ್. ನಾ ಮುಟ್ಟಿದಾಗ ಡಿಸೆಂಬರ್ ಥಂಡಿ. ನೆಲದ ಕೆಳಗ ಬಿಸಿನೀರಿನ ಕೊಳವಿ ಹಾಕಿರತಾರ, ಮನಿಯೊಳಗ ಪಾದ ಬೆಚ್ಚಗ. ಆದ್ರ ನನ್ನ ಬುತ್ತಿ ಗಂಟು ಬಿಚ್ಚಿದ್ದಷ್ಟ ಬಂತು. ಒಗ್ಗರಣಿ ವಾಸನಿಗೆ ಓಡಿ ಹೋಗಿ ಕಾರತಾಳ, ಹೋಳಿಗಿ ನೋಡಿದ್ರ ಮಾರಿ ತಿರುವತಾಳ. ಮೂರು ತಿಂಗಳಿಗೆ ಮೂರು ಕಿಲೋ ಇಳದಿದ್ಲು.

“ಏನ್ ಬೇಕನಸತೈತಿ ಹೇಳ ತಂಗಿ” ಅಂದ್ರ, “ಸುಂದುಬು ಜಿಗೆ” ಅಂದ್ಲು. ನನಗ ‘ಮಜ್ಜಿಗಿ’ ಅಂತ ಕೇಳಿಸಿ, “ಅಯ್ಯ, ಈಗ ಮಾಡ್ತೀನಿ” ಅಂತ ಫ್ರಿಜ್ ತಗದೆ. ನಕ್ಕಳು. ನಾ ಹೋದಮ್ಯಾಲೆ ಆಕಿ ನಕ್ಕಿದ್ದು ಅದ ಮೊದಲು.

ಜಿಗೆ ಅಂದ್ರ ಅವರ ಕಡೆ ಗಟ್ಟಿ ಸಾರು. ಒಂದ ಮಡಕಿಯಾಗ ಎಲ್ಲಾ ಹಾಕಿ ಕುದಸೋದು, ಕುದಿಯೋ ಮಡಕಿನ ಹಂಗ ತಂದು ಅನ್ನದ ಬಾಜೂಕ ಇಡೋದು. ಸುಂದುಬು ಅಂದ್ರ ಹಿಂಡಿ ಒತ್ತದ ಮೆತ್ತನ್ನ ತೋಫು, ಸೋಯಾ ಹಾಲು ಒಡಿಸಿದ್ದು. ನಮ್ಮ ಗಿಣ್ಣದಂಗ ಅಳಕ ಇರತೈತಿ. ಆಕಿ ಆಫೀಸಿನ ಹತ್ತರದ ಒಂದು ಸಣ್ಣ ಅಂಗಡ್ಯಾಗ ಅದನ್ನ ತಿಂತಾಳಂತ, ಅದೊಂದ ಹೊಟ್ಟ್ಯಾಗ ನಿಲ್ಲತದಂತ. ಇಷ್ಟ ಹೌದಲ್ಲೋ, ಮನ್ಯಾಗ ಮಾಡೂಣಂತ ಅನಕೊಂಡೆ.

ಮರುದಿನ ಬಟಾಣಿ ಹುಡುಕಲಿಕ್ಕೆ ಫ್ರೀಜರ್ ತಗದಾಗ ಒಂದು ಚೀಲ ಸಿಕ್ತು. ಬೆಳ್ಳಿ ಬಣ್ಣದ, ಬೊಟ್ಟುದ್ದ ಒಣಾ ಮೀನು.

“ಇದೇನ?”

“ಸಾರಿಗೆ ಹಾಕೋದು ಅವ್ವಾ. ನೀರಾಗ ಕುದಿಸಿ ತಗದು ಚೆಲ್ಲತಾರ. ಸುಂದುಬು ಜಿಗೆಗೂ ಅದ ನೀರು.”

“ಯಾವಾಗಿಂದ?”

“ಬಂದು ಎರಡನೇ ವರ್ಷದಿಂದ. ಇಲ್ಲೆ ಎಲ್ಲಾದ್ರಾಗೂ ಇರತೈತಿ. ಎಷ್ಟ ದಿನ ಕೇಳಕೋತ ಕೂಡ್ಲಿ?”

ಕೊರಳಾಗ ಲಿಂಗ ಕಟ್ಟಿಕೊಂಡ ಮನಿತನ ನಮ್ದು. ತತ್ತಿ ಸುದ್ದಾ ಒಳಗ ಬಂದಿಲ್ಲ. ನಾ ಏನೂ ಅನ್ನಲಿಲ್ಲ. ಅಂದಿದ್ರ ಛೊಲೋ ಇತ್ತು. ಆಕಿ ತೊಳದಿಟ್ಟ ಪಾತ್ರಿನೆಲ್ಲಾ ಮತ್ತೊಮ್ಮೆ ಬಿಸಿನೀರಾಗ ತಿಕ್ಕಿ ತೊಳದೆ. ತಿರುಗಿ ನೋಡಿದ್ರ ಬಾಗಲಾಗ ನಿಂತಿದ್ಲು. ಅವತ್ತಿಂದ ಮೂರು ದಿನ ನಾವಿಬ್ರೂ ಊಟ, ನಿದ್ದಿ, ಥಂಡಿ ಬಿಟ್ಟು ಬ್ಯಾರೆ ಮಾತಾಡಲಿಲ್ಲ. “ಜಿಗೆ ಬ್ಯಾಡ ಬಿಡ ಅವ್ವಾ” ಅಂದು ಅನ್ನಕ್ಕ ಮಸರ ಕಲಸಿಕೊಂಡು ಎರಡ ತುತ್ತು ತಿಂದು ಏಳತಿದ್ಲು.

ನಾಕನೇ ದಿನ ದವಾಖಾನಿಗೆ ಕರಕೊಂಡು ಹೋದೆ. ಅಲ್ಲಿ ಬಸುರಿ ಹೆಣ್ಮಕ್ಕಳಿಗೆ ಗುಲಾಬಿ ಬಣ್ಣದ ಒಂದು ಬಿಲ್ಲೆ ಕೊಡತಾರ, ಚೀಲಕ್ಕ ಕಟಗೊಳ್ಳಲಿಕ್ಕೆ. ರೈಲಿನ್ಯಾಗ ಅವರ ಸಲುವಾಗಿ ಗುಲಾಬಿ ಬಣ್ಣದ ಸೀಟೂ ಇರತಾವ. ಅವತ್ತ ಆ ಸೀಟು ತುಂಬಿತ್ತು. ಆಕಿ ಚೀಲದ ಬಿಲ್ಲೆ ನೋಡಿ ಒಬ್ಬ ಹುಡುಗ, ಕಿವ್ಯಾಗ ಹಾಡು ಹಾಕ್ಕೊಂಡಿದ್ದವ, ಬ್ಯಾರೆ ಕಡೆಯಿಂದ ಎದ್ದು ಜಾಗಾ ಬಿಟ್ಟ. ಗುರುತಿಲ್ಲ ಪರಿಚಯ ಇಲ್ಲ. ನನಗ ನಾಚಿಕಿ ಬಂತ್ರಿ. ಯಾರದೋ ಮಗ ಎದ್ದು ನಿಂತಾನ, ಹಡದಾಕಿ ನಾ ಮಾರಿ ಗಂಟ ಹಾಕ್ಕೊಂಡು ಕುಂತೀನಿ.

ರವಿವಾರ ಬರ್ಫ ಬಿದ್ದಿತ್ತು. ಆಕಿ ಅಂಗಡಿ ಬಂದ್, ಅಳಿಯಗ ಡ್ಯೂಟಿ. ಮಗಳು ಮಲಗಿದ್ಲು. ನಾ ಲಿಂಗಪೂಜಿ ಮುಗಿಸಿ, ಫ್ರೀಜರಿನಿಂದ ಆ ಚೀಲ ತಗದು, ಆಕಿ ಹಾಸಿಗಿ ಹತ್ತರ ಹೋಗಿ, “ಇದನ್ನ ಹೆಂಗ ಮಾಡೋದು ಹೇಳು” ಅಂದೆ.

“ಅವ್ವಾ, ನೀ ಮುಟ್ಟಬ್ಯಾಡ. ನಾ ಏಳ್ತೀನಿ.”

“ನೀ ಮಲಕೊಂಡ ಹೇಳು. ನಾ ಮಾಡ್ತೀನಿ.”

ಮೊದಲು ತಲಿ ಮುರೀಬೇಕು. ಆಮ್ಯಾಲೆ ಹೊಟ್ಟಿ ಸೀಳಿ ಒಳಗಿನ ಕರೇದನ್ನ ತಗೀಬೇಕು, ಇಲ್ಲಂದ್ರ ಸಾರು ಕಹಿ. ಹತ್ತು ಮೀನ. ಮೊದಲನೇದಕ್ಕ ಕೈ ನಡಗಿತು, ಮೂಗು ಮುಚ್ಚಿಕೊಂಡೆ. ನಾಕನೇದಕ್ಕ ಶೇಂಗಾ ಸುಲಿಯೋ ಲೆಕ್ಕ ಬಂತು. ವಾಸನಿ ಹೋಗಲಂತ ಬರೇ ಬೋಗೋಣ್ಯಾಗ ಹುರದು, ನಾಕು ಕಪ್ ನೀರು, ಒಂದು ತುಂಡು ಒಣಾ ಸಮುದ್ರದ ಪಾಚಿ ಹಾಕಿದೆ. ಈ ಪಾಚಿಗೆ ದಶಿಮಾ ಅಂತಾರ. ಕುದಿ ಬಂದಮ್ಯಾಲೆ ಅದನ್ನ ಭಾಳ ಹೊತ್ತು ಬಿಡಬಾರದು, ಲೋಳಿ ಬಿಡತೈತಿ. ಮೀನು ಹತ್ತು ನಿಮಿಷ ಕುದಿಸಿ ಸೋಸಬೇಕು.

ಬಾಜೂ ಒಲಿಮ್ಯಾಲೆ ನನಗಂತ ಇನ್ನೊಂದು ನೀರು ಇಟ್ಟೆ. ದಶಿಮಾ ಮತ್ತ ಒಣಾ ಅಣಬಿ ಅಷ್ಟ. ಅದಕ್ಕ ಕಿಮ್ಚಿನೂ ಹಾಕಲಿಲ್ಲ. ಅಂಗಡಿ ಕಿಮ್ಚಿಯೊಳಗ ಹೆಚ್ಚಾಗಿ ಮೀನಿನ ರಸ, ಉಪ್ಪಿನ ಸೀಗಡಿ ಇರತಾವ. ಶಾಕಾಹಾರಿಗಳು ನೋಡಿ ತಗೋರಿ.

ಮುಂದಿನದು ನಮ್ಮ ಕೈಗೆ ಗೊತ್ತಿದ್ದದ್ದ. ಸಣ್ಣ ಉರಿಮ್ಯಾಲೆ ಮಡಕಿಯಾಗ ಎರಡು ಚಮಚ ಎಣ್ಣಿ, ಜಜ್ಜಿದ ಬಳ್ಳೊಳ್ಳಿ, ಉಳ್ಳಾಗಡ್ಡಿ, ಅದರ ಮ್ಯಾಲೆ ಒಂದೂವರಿ ಚಮಚ ಖಾರಪುಡಿ. ಕೊರಿಯಾದ ಖಾರಪುಡಿಗೆ ಗೋಚುಗಾರು ಅಂತಾರ. ಅಗದಿ ಬ್ಯಾಡಗಿ ಕಾಯಿ ಹಂಗ, ಬಣ್ಣ ಜಾಸ್ತಿ, ಖಾರ ಕಡಿಮಿ. ಅವತ್ತ ಡಬ್ಬಿ ಖಾಲಿ ಆಗಿತ್ತು, ನಾ ಒಯ್ದ ಬ್ಯಾಡಗಿನ ಹಾಕಿದೆ. ಖಾರ ಹೊತ್ತಬಾರದು, ಎಣ್ಣಿ ಕೆಂಪಾದ ಕೂಡ್ಲೆ ನೀರು ಸುರೀಬೇಕು. ಆಮ್ಯಾಲೆ ಸೋಯಾ ಸಾಸ್, ಉಪ್ಪು. ಸುಂದುಬು ಉದ್ದಾನ ಪ್ಲಾಸ್ಟಿಕ್ ಕೊಳವ್ಯಾಗ ಬರತೈತಿ. ನಡುವ ಕೊಯ್ದು ಹಿಚುಕಿದ್ರ ಜಾರಿ ಬೀಳತೈತಿ. ಚಮಚದಿಂದ ದೊಡ್ಡ ದೊಡ್ಡ ತುಂಡು ಮಾಡಿ ಐದು ನಿಮಿಷ ಕುದಿಸಿ, ಉಳ್ಳಾಗಡ್ಡಿ ತಪ್ಪಲ ಉದರಿಸಿದ್ರ ಆತು. ಆಕಿ ಮಡಕಿಗೆ ಕಿಮ್ಚಿ ಹಾಕಿ, ಕಡೀಕ ಒಂದು ತತ್ತಿನೂ ಒಡದೆ. ಮುರದಷ್ಟ ಮುರದೀನಿ, ಇದೊಂದ್ಯಾಕ ಉಳಸ್ಲಿ.

ಎರಡೂ ಮಡಕಿ ಕೊತ ಕೊತ ಕುದಿಯೋವಾಗ ತಂದಿಟ್ಟೆ. ಆಕಿ ಒಂದು ಚಮಚ ಬಾಯಾಗಿಟ್ಟು ಸುಮ್ಮನಾದ್ಲು. ಎದ್ದು ಓಡತಾಳೇನೋ ಅಂತ ನನ್ನ ಜೀವ ಕೈಯಾಗಿತ್ತು. ಓಡಲಿಲ್ಲ. ಅನ್ನ ಕಲಸಿಕೊಂಡು ಮಡಕಿ ತಳ ಕೆರದು ತಿಂದ್ಲು. ಆಮ್ಯಾಲೆ ನನ್ನ ಬೊಟ್ಟು ಹಿಡದು ಮೂಸಿ ನೋಡಿ, “ಮೀನಿನ ವಾಸನಿ ಹೊಂಟೈತಿ” ಅಂದು ಅಳಲಿಕ್ಕೆ ಸುರು ಮಾಡಿದ್ಲು. “ಹುಚ್ಚಿ, ಲಿಂಬಿಹಣ್ಣು ತಿಕ್ಕಿದ್ರ ಹೋಗತೈತಿ” ಅಂದೆ. ನನ್ನ ಮಡಕಿ ಅಷ್ಟೊತ್ತಿಗೆ ಆರಿತ್ತು. ಆರಿದ್ರೂ ರುಚಿ ಇತ್ತು, ಸುಳ್ಳ್ಯಾಕ ಹೇಳ್ಲಿ.

ಆ ಎರಡು ತಿಂಗಳದಾಗ ಒಂಬತ್ತು ಸಲ ಮಾಡಿದೆ. ನಾ ಈಗೂ ಮೀನು ತಿನ್ನಂಗಿಲ್ಲ, ಮುಂದೂ ತಿನ್ನಂಗಿಲ್ಲ. ಪಾತ್ರಿ ಮಾತ್ರ ಎರಡು ಸಲ ತೊಳಿಯೋದು ಬಿಟ್ಟೆ.

ಊರಿಗೆ ಬಂದ ರಾತ್ರಿ ನಮ್ಮನಿಯವರಿಗೆ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ದು, “ಆಕಿ ಉಂಡಳಿಲ್ಲೋ?” ಅಂದ್ರು. “ಉಂಡ್ಲು” ಅಂದೆ. ದೀಪ ಆರಿಸಿ ಮಲಗಿದ್ರು. ನಮ್ಮತ್ತಿಗೆ ಎಂಬತ್ತೆರಡು. “ಮೊಮ್ಮಗಳ ಬಯಕಿ ತೀರಿಸಿದೇನ, ಏನ್ ಮಾಡಿ ಹಾಕಿದಿ?” ಅಂತ ಕೇಳಿದ್ರು. “ಖಾರದ ಸಾರು ಮಾಡಿದ್ನಿರಿ ಅತ್ತಿ” ಅಂದೆ. ಸುಳ್ಳಲ್ಲ. ಪೂರ್ತಿ ಖರೇನೂ ಅಲ್ಲ. ಅದೊಂದು ಮನಸಿನ್ಯಾಗ ಕಡೀತದ, ಅದಕ್ಕ ಇಲ್ಲಿ ನಿಮ್ಮ ಮುಂದರ ಹೇಳಿದೆ.

ಮೊಮ್ಮಗಗ ಈಗ ಹದಿನಾಲ್ಕು ತಿಂಗಳು. ಕಿವಿ ಸೋರಿಲ್ಲ.