ಅಮ್ಮನ ತುತ್ತು

ನಮ್ಮ ಲ್ಯಾಬ್ರಡಾರ್ ಗುಂಡನ ತೂಕ 41 ಕಿಲೋ ಆಗಿತ್ತು. ಸವರಿದರೆ ಪಕ್ಕೆಲುಬು ಕೈಗೆ ಸಿಗುತ್ತಿರಲಿಲ್ಲ. "ವಾರಕ್ಕೆ ಶೇಕಡಾ 1ರಷ್ಟು ಇಳಿದರೂ ಸಾಕು, ಅವಸರ ಬೇಡ" ಎಂದರು ಇಲ್ಲಿ ಪುಣೆಯ ಡಾಕ್ಟರು. ನಾನು ಎಕ್ಸೆಲ್ ಶೀಟ್ ಮಾಡಿ, ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿದೆ. ಆರು ವಾರವಾದರೂ ತೂಕ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ಗುಂಡನಿಗೆ ತುಪ್ಪದ ದೋಸೆ ಮುರಿದು ತಿನ್ನಿಸುತ್ತ ಊರಿನ ಸುದ್ದಿ ಹೇಳುತ್ತಿದ್ದಳು.

"ಹಗಲೆಲ್ಲ ನನ್ನ ಕನ್ನಡ ಕೇಳೋನು ಇವನೊಬ್ಬನೇ ಕಣೋ" ಎಂದಳು.

ಬೈಯಲು ಬಾಯಿ ಬರಲಿಲ್ಲ. ಈಗ ದೋಸೆಯ ಬದಲು ಉಪ್ಪಿಲ್ಲದೆ ಬೇಯಿಸಿದ ಬೀನ್ಸ್, ತಿನ್ನಿಸುವವಳು ಅಮ್ಮನೇ. ಸಂಜೆ ಮೂವರೂ ವಾಕಿಂಗ್ ಹೋಗುತ್ತೇವೆ. ಐದು ತಿಂಗಳಲ್ಲಿ ಗುಂಡ 36ಕ್ಕೆ ಇಳಿದಿದ್ದಾನೆ. ಅಮ್ಮನ ಸುದ್ದಿ ಕೇಳಲು ಈಗ ನಾನೂ ಇದ್ದೇನೆ.